ಕೂಡದ ಮೂಲೆಗಳು

ಫೆಬ್ರವರಿ ೧೬

ಮಾವ,

ಇದನ್ನು ಹೇಳದೆಯೇ ಬಿಡುವವಳಿದ್ದೆ: ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾನು ನಿಮ್ಮನ್ನು ನೋಡುತ್ತಿದ್ದೇನೆ. ನಿಮ್ಮನ್ನು ಎಂದರೆ ನೀವು ನಕ್ಷೆಯಲ್ಲಿ ಎಳೆದ ಕಟ್ಟಡಗಳನ್ನು.

ಬರೆದ ಮೇಲೆ ಓದಿದರೆ ಹೇಗೋ ಅನ್ನಿಸುತ್ತದೆ. ವಿವರಿಸಿಬಿಡುತ್ತೇನೆ. ಆಂಬುಲೆನ್ಸ್‌ಗಳನ್ನು ಕಳಿಸುವ ಕೊಠಡಿಯಲ್ಲಿ ನಕ್ಷೆ ನೋಡಿಕೊಳ್ಳುವ ಕೆಲಸ ನನ್ನದು ಎಂದು ನಿಮಗೆ ಗೊತ್ತು. ಆಫೀಸಿನಲ್ಲಿ ಈ ನಗರದ ನಕ್ಷೆ ಮಾತ್ರ ಇದೆ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ನಿಮ್ಮ ಊರಿನದು ಇದೆ. ಯಾರು ಬೇಕಾದರೂ ಎಳೆಯಬಹುದಾದ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಆ ಮುಕ್ತ ನಕ್ಷೆಯಿಂದ ನಿಮ್ಮ ಊರಿನ ತುಂಡನ್ನು ಕತ್ತರಿಸಿ ತಂದು ಡೇಟಾಬೇಸಿಗೆ ತುಂಬುತ್ತೇನೆ. ಹೋದ ವಾರ ಇಲ್ಲದ ಕಟ್ಟಡ ಈ ವಾರ ಇದ್ದರೆ ಅದು ಹಸಿರಾಗಿ ಕಾಣುತ್ತದೆ. ಎಳೆದವರು ಇಟ್ಟುಕೊಂಡ ಹೆಸರೂ ಜೊತೆಗೆ ಬರುತ್ತದೆ. ಮೊದಲ ಸಲ 'ಟಿ-ಸ್ಕ್ವೇರ್' ಎಂದು ನೋಡಿದಾಗಲೇ ಯಾರೆಂದು ತಿಳಿಯಿತು. ನೀವು ಡ್ರಾಯಿಂಗ್ ಆಫೀಸಿನಿಂದ ನಿವೃತ್ತರಾದ ದಿನ ಗೆರೆ ಎಳೆಯುವ ಟಿ-ಸ್ಕ್ವೇರ್ ಎಂಬ ಆ ಉದ್ದನೆಯ ಮರದ ಪಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಬಾಗಿಲ ಹಿಂದೆ ತೂಗುಹಾಕಿದಿರಿ. ಬಾಗಿಲು ತೆಗೆದಾಗಲೆಲ್ಲ ಅದು ನನ್ನ ತಲೆಗೆ ಬಡಿಯುತ್ತಿತ್ತು.

ವಾರ ವಾರವೂ ಹಸಿರು ಬರುತ್ತಿತ್ತು. ಒಮ್ಮೆ ಅಂಗಡಿ ಸಾಲು, ಒಮ್ಮೆ ಶಾಲೆ, ಒಮ್ಮೆ ಯಾರದೋ ಹಿತ್ತಲಿನ ಶೆಡ್ಡು. ಹಸಿರು ಕಂಡರೆ ಮಾವ ಚೆನ್ನಾಗಿದ್ದಾರೆ, ನಡೆದಾಡುತ್ತಿದ್ದಾರೆ, ಲೈಬ್ರರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಿದ್ದಾರೆ ಎಂದುಕೊಂಡು ಎದ್ದು ಒಲೆ ಹಚ್ಚುತ್ತಿದ್ದೆ. ನಿಮ್ಮ ಸಮಾಚಾರ ತಿಳಿಯಲು ನನಗೆ ಬೇರೆ ದಾರಿ ಇರಲಿಲ್ಲ.

ಡಿಸೆಂಬರಿನಿಂದ ಹಸಿರು ಕಡಿಮೆಯಾಯಿತು. ಜನವರಿಯಿಂದ ಒಂದೂ ಇಲ್ಲ. ನಿಮಗೆ ಹುಷಾರಿಲ್ಲವೇ? ಎಳೆಯುವುದು ಬೇಸರವಾಯಿತೇ? ಅಥವಾ ನಾನು ನೋಡುತ್ತಿರುವುದು ಹೇಗೋ ತಿಳಿದು, ಇಷ್ಟವಾಗದೆ ನಿಲ್ಲಿಸಿದಿರಾ? ಮೂರನೆಯದು ಹುಚ್ಚು ಕಲ್ಪನೆ ಎಂದು ಗೊತ್ತು. ಆದರೂ ಹೆಚ್ಚು ಹೊತ್ತು ಯೋಚಿಸಿದ್ದು ಅದನ್ನೇ.

ನಿಮ್ಮ ಮಗನಿಂದ ಬೇರೆಯಾದವಳಿಗೆ ನಿಮ್ಮ ಆರೋಗ್ಯ ವಿಚಾರಿಸುವ ಹಕ್ಕಿದೆಯೋ ಇಲ್ಲವೋ ತಿಳಿಯದು. ಮನೆಯ ವಿಳಾಸಕ್ಕೆ ಬರೆಯುವುದು ಸರಿಯಲ್ಲ ಅನ್ನಿಸಿತು. ಲೈಬ್ರರಿಯ ಹೆಸರಿಗೆ ಬರೆದಿದ್ದೇನೆ. ಒಂದು ಸಾಲು ಬರೆದರೂ ಸಾಕು.

ನಿಮ್ಮ,
(ಇಲ್ಲಿ ಏನೆಂದು ಬರೆಯಬೇಕೋ ಗೊತ್ತಾಗಲಿಲ್ಲ)

*

ಫೆಬ್ರವರಿ ೨೭

ರಬ್ಬರಮ್ಮನಿಗೆ ಆಶೀರ್ವಾದ.

ಹೆಸರು ಮರೆತಿಲ್ಲ ತಾನೇ? ಒಂದು ಮಾತಾಡಿ ಅದನ್ನು ಅಳಿಸಿ, ಇನ್ನೊಂದು ಮಾತಾಡಿ ಅದನ್ನೂ ಅಳಿಸುವ ಹುಡುಗಿಗೆ ಅದಕ್ಕಿಂತ ಒಳ್ಳೆಯ ಹೆಸರನ್ನು ನಾನು ಇನ್ನೂ ಕಂಡುಹಿಡಿದಿಲ್ಲ. ಕಾಗದದ ಕೊನೆಯಲ್ಲಿ ಏನು ಬರೆಯಬೇಕೋ ಗೊತ್ತಾಗಲಿಲ್ಲವಂತೆ. ಸೊಸೆ ಅಂತ ಬರೆ. ಕೋರ್ಟಿನಲ್ಲಿ ರುಜು ಹಾಕಿದವರು ನೀವಿಬ್ಬರು. ನನ್ನನ್ನು ಯಾರೂ ಕರೆದು ರುಜು ಹಾಕಿಸಿಕೊಂಡಿಲ್ಲ.

ಲೈಬ್ರರಿಯಮ್ಮ ನಿನ್ನ ಕವರನ್ನು ಎತ್ತಿ ಹಿಡಿದು, "ಏನ್ ಸಾರ್, ಈ ವಯಸ್ಸಲ್ಲಿ ಗುಟ್ಟಾಗಿ ಕಾಗದ ತರಿಸ್ಕೊಳ್ತಾ ಇದೀರಿ" ಅಂತ ನಾಲ್ಕು ಜನರ ಮುಂದೆ ಕೇಳಿದಳು. "ನನ್ನ ವಯಸ್ಸಿನವ್ರಿಗೆ ಬರೋದು ಕರೆಂಟ್ ಬಿಲ್ಲು, ಇಲ್ಲಾ ಕಾಗದ. ಬಿಲ್ಲು ಮಗ ಕಟ್ತಾನೆ" ಅಂದೆ. ಅವಳ ಬಾಗಿಲ ಚೌಕಟ್ಟು ಮಾತ್ರ ದರಿದ್ರದ್ದು. ಹೋಗಿ ಬರುವಾಗೆಲ್ಲ ಎಡ ಭುಜಕ್ಕೆ ತಾಗಿ ತಾಗಿ ನೀಲಿಗಟ್ಟಿದೆ. ಬಾಗಿಲು ಕಿರಿದಾಗಿದೆಯೇನಮ್ಮ ಅಂತ ಕೇಳಿದರೆ, ನೀವೇ ಅಗಲ ಆಗಿರಬೇಕು ಸಾರ್ ಅನ್ನುತ್ತಾಳೆ.

ಈಗ ವಿಷಯಕ್ಕೆ ಬರೋಣ. ನಿನ್ನ ಯಂತ್ರ ಸುಳ್ಳು ಹೇಳುತ್ತಿದೆ. ನಾನು ಯಾವತ್ತೂ ನಿಲ್ಲಿಸಿಲ್ಲ. ಜನವರಿಯಿಡೀ ಬಂದರಿನ ಕಡೆಯೇ ಎಳೆದಿದ್ದೇನೆ: ಹಡಗು ನಿಲ್ಲುವ ಧಕ್ಕೆಯ ಉದ್ದಕ್ಕೂ ಇರುವ ಹಳೆಯ ಗೋದಾಮುಗಳು, ಕ್ರೇನ್ ಮನೆ, ಹಗ್ಗದ ಕಾರ್ಖಾನೆ, ಮಂಜುಗಡ್ಡೆ ಮಾಡುವ ಕಟ್ಟಡ. ಬೆಳಿಗ್ಗೆ ಅಳೆಯುವ ಚಕ್ರ ತಳ್ಳಿಕೊಂಡು ಅಳತೆ ತೆಗೆಯುತ್ತೇನೆ, ಮಧ್ಯಾಹ್ನ ಲೈಬ್ರರಿಯಲ್ಲಿ ಕೂತು ಎಳೆಯುತ್ತೇನೆ. ನನ್ನ ಪರದೆಯಲ್ಲಿ ಎಲ್ಲವೂ ಇದೆ. ನಿನ್ನ ಕಡೆ ಬಾರದಿದ್ದರೆ ನಿನ್ನ ಡೇಟಾಬೇಸನ್ನು ಹಿಡಿದು ಕೇಳು, ಎಲ್ಲಿ ನುಂಗಿದೆ ಅಂತ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಮಗ ಮದುವೆಯಾದ ಹೊಸ ಹುಡುಗಿ ಒಳ್ಳೆಯವಳು. ಟೀ ತಂದು ಮೇಜಿನ ಮೇಲಿಟ್ಟು, "ಟೀ ಇಟ್ಟಿದೀನಿ" ಅಂತ ಹೇಳಿ ಹೋಗುತ್ತಾಳೆ. ಮಗ ಬಂದು "ಟೀ ಕುಡಿದ್ರಾ" ಅಂತ ಕೇಳಿ ಹೋಗುತ್ತಾನೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ದೂರು ಅಂದುಕೊಳ್ಳಬೇಡ. ನೀನಿದ್ದಾಗ ಜಗಳವಾದರೂ ಇತ್ತು.

ನಾಲ್ಕು ವರ್ಷ ನೋಡುತ್ತಿದ್ದೆಯಂತೆ. ಮೊದಲೇ ಹೇಳಿದ್ದರೆ ಇನ್ನೂ ಅಂದವಾಗಿ ಎಳೆಯುತ್ತಿದ್ದೆ.

ಮಾವ

*

ಮಾರ್ಚ್ ೯

ಮಾವ,

ನಿಮ್ಮ ಪತ್ರ ಬಂದ ದಿನ ಅದನ್ನು ಆಫೀಸಿಗೆ ತೆಗೆದುಕೊಂಡು ಹೋಗಿದ್ದೆ. ಊಟದ ಹೊತ್ತಿನಲ್ಲಿ ಇನ್ನೊಮ್ಮೆ ಓದಿದೆ.

ನೀವು ಹೇಳಿದ್ದು ನಿಜ. ತಪ್ಪು ನನ್ನ ಕಡೆಯದೇ, ಕಡೇಪಕ್ಷ ಮೊದಲನೆಯದು. ನಾನು ಇಳಿಸಿಕೊಳ್ಳುವುದು ಇಡೀ ಊರನ್ನಲ್ಲ, ಒಂದು ಚೌಕವನ್ನು. ಆ ಚೌಕವನ್ನು ನಾಲ್ಕು ವರ್ಷದ ಹಿಂದೆ ಗುರುತು ಮಾಡಿದವಳು ನಾನೇ. ಮನೆ, ಮಾರುಕಟ್ಟೆ, ಲೈಬ್ರರಿ ಒಳಗೆ ಬಂದರೆ ಸಾಕು ಅಂದುಕೊಂಡಿದ್ದೆ. ಅದರ ಅಂಚು ಬಂದರಿನ ಗೋದಾಮುಗಳ ಮಧ್ಯದಲ್ಲೇ ಹಾದುಹೋಗಿದೆ. ಒಳಗೆ ಅಂಗಳವಿರುವ ದೊಡ್ಡ ಗೋದಾಮನ್ನು ಹೊರಗಿನ ಸುತ್ತಿಗೆ ಕೆಲವು ಗೆರೆ, ಅಂಗಳಕ್ಕೆ ಒಂದು ಗೆರೆ ಎಂದು ಬೇರೆ ಬೇರೆ ಎಳೆದು ಒಟ್ಟು ಸೇರಿಸಿರುತ್ತೀರಲ್ಲ, ಅದರಲ್ಲಿ ಒಂದು ಗೆರೆ ನನ್ನ ಚೌಕದ ಆಚೆ ಉಳಿದರೂ ಡೇಟಾಬೇಸ್ ಇಡೀ ಕಟ್ಟಡವನ್ನೇ ಕೈಬಿಡುತ್ತದೆ. ಕೈಬಿಟ್ಟೆ ಎಂದು ಹೇಳುವುದೂ ಇಲ್ಲ. ಎಲ್ಲ ಸರಿಯಾಗಿ ಮುಗಿಯಿತು ಎಂದು ವರದಿ ಕೊಟ್ಟು ಸುಮ್ಮನಾಗುತ್ತದೆ.

ಚೌಕವನ್ನು ಸಮುದ್ರದ ತನಕ ದೊಡ್ಡದು ಮಾಡಿದೆ. ದೊಡ್ಡ ಗೋದಾಮುಗಳು ಬಂದವು. ಹಗ್ಗದ ಕಾರ್ಖಾನೆಯ ಅಂಗಳ ಎಷ್ಟು ಚೆನ್ನಾಗಿದೆ. ನಾನು ಅಲ್ಲಿದ್ದಷ್ಟು ವರ್ಷವೂ ಅದರೊಳಗೆ ಅಂಗಳವಿದೆ ಎಂದೇ ತಿಳಿದಿರಲಿಲ್ಲ.

ಆದರೆ ಉಳಿದವು ಬರಲಿಲ್ಲ. ಚೌಕದ ನಡುವೆಯೇ ಇರುವ ಸಣ್ಣ ಕಟ್ಟಡಗಳೂ ಇಲ್ಲ. ಹುಡುಕುತ್ತ ಹೋದಾಗ ಅವೆಲ್ಲ ಬೇರೆ ಕೋಷ್ಟಕದಲ್ಲಿ ಸಿಕ್ಕವು. ಡೇಟಾಬೇಸಿನಲ್ಲಿ ಮುಚ್ಚಿದ ಆಕೃತಿಗಳಿಗೆ ಒಂದು ಜಾಗ, ಬರೀ ಗೆರೆಗಳಿಗೆ ಇನ್ನೊಂದು ಜಾಗ. ನಿಮ್ಮ ಜನವರಿಯ ಕಟ್ಟಡಗಳು ರಸ್ತೆ, ಚರಂಡಿ, ಬೇಲಿಗಳ ಜೊತೆ ಗೆರೆಗಳ ಜಾಗದಲ್ಲಿ ಕೂತಿವೆ. ಕಾರಣ ಇಷ್ಟೇ: ಅವು ಮುಚ್ಚಿಲ್ಲ. ಕೊನೆಯ ಬಿಂದು ಮೊದಲ ಬಿಂದುವಿನ ಹತ್ತಿರ ಬರುತ್ತದೆ, ಆದರೆ ಕೂಡುವುದಿಲ್ಲ. ದೂರದಿಂದ ನೋಡಿದರೆ ಕೂಡಿದ ಹಾಗೇ ಕಾಣುತ್ತದೆ. ಹತ್ತಿರ ಹೋದರೆ ಒಬ್ಬ ಮನುಷ್ಯ ನುಸುಳುವಷ್ಟು ಸಂದು.

ಕೊನೆಯದನ್ನು ಮೊದಲ ಬಿಂದುವಿನ ಮೇಲೆಯೇ ಒತ್ತಬೇಕು, ಪಕ್ಕದಲ್ಲಿ ಅಲ್ಲ. ಹಾಗೆ ಆಗದಿದ್ದಾಗ ಪರದೆಯ ಎಡಬದಿಯ ಪಟ್ಟಿಯಲ್ಲಿ ಹಳದಿ ಬಣ್ಣದಲ್ಲಿ ಎಚ್ಚರಿಕೆ ಬರುತ್ತದೆ. ಅದನ್ನು ನೋಡಿಯೂ ಮುಂದೆ ಹೋಗುತ್ತಿದ್ದೀರಾ? ಉಳಿಸುವ ಮೊದಲು ಒಮ್ಮೆ ಪರಿಶೀಲಿಸಿದರೆ ಒಳ್ಳೆಯದು. ಹೊಸದಾಗಿ ಎಳೆಯುವವರಿಗಾಗಿ ನಾನು ಆಫೀಸಿನಲ್ಲಿ ಬರೆದ ಸೂಚನೆಗಳ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಸೊಸೆ

*

ಮಾರ್ಚ್ ೨೦

ಶ್ರೀಮತಿ ಪರಿಶೀಲನಾಧಿಕಾರಿಯವರಿಗೆ,

ಹೊಸಬರಿಗಾಗಿ ಬರೆದ ಸೂಚನೆಗಳು ತಲುಪಿದವು. ಲೈಬ್ರರಿಯಮ್ಮನಿಗೆ ಕೊಟ್ಟಿದ್ದೇನೆ. ಹಿಂಬದಿ ಖಾಲಿ ಇದೆ, ಲೆಕ್ಕ ಬರೆಯಲು ಆಗುತ್ತದಂತೆ.

ನೀನು ಹುಟ್ಟುವ ಮೊದಲೇ ನಾನು ಹಡಗುಕಟ್ಟೆಯ ನಕ್ಷೆ ಎಳೆಯುತ್ತಿದ್ದೆ. ಮೊದಲ ದಿನ ನಮ್ಮ ಹೆಡ್ ಡ್ರಾಫ್ಟ್ಸ್‌ಮನ್ ಕಲಿಸಿದ್ದು ಒಂದೇ ಪಾಠ: ಎಡ ಕೆಳಮೂಲೆಯಿಂದ ಹೊರಡು, ಸುತ್ತಿಕೊಂಡು ಎಡ ಕೆಳಮೂಲೆಗೇ ಬಾ. ಮೂಲೆ ಕೂಡದಿದ್ದರೆ ಹಾಳೆಯನ್ನು ಹರಿದು ಕೈಗೆ ಕೊಡುತ್ತಿದ್ದ. ನನ್ನ ಹಾಳೆ ಹರಿದದ್ದು ಒಂದೇ ಸಲ, ಅದೂ ಅವನ ಹೆಂಡತಿ ತವರಿಗೆ ಹೋಗಿದ್ದ ವಾರ. ಈಗ ನೀನು ನನಗೆ ಮೂಲೆ ಕೂಡಿಸುವುದನ್ನು ಹೇಳಿಕೊಡುತ್ತೀ.

ಹಳದಿ ಎಚ್ಚರಿಕೆಯಂತೆ. ಯಾವ ಎಚ್ಚರಿಕೆಯೂ ಬಂದಿಲ್ಲ. ಒಂದು ಸಲವೂ ಬಂದಿಲ್ಲ. ಬಂದಿದ್ದರೆ ನೋಡುತ್ತಿರಲಿಲ್ಲವೇ? ನಾನೇನು ಕುರುಡನೇ?

ಮುದುಕನಾದೆ, ಕೈ ನಡುಗುತ್ತದೆ, ಸಾಕು ಮಾಡು ಅಂತ ಹೇಳುವುದಿದ್ದರೆ ನೇರವಾಗಿ ಹೇಳು. ಮನೆಯಲ್ಲಿ ಅದನ್ನು ದಿನಾ ಸುತ್ತಿ ಬಳಸಿ ಹೇಳುತ್ತಿದ್ದಾರೆ. ಹೋದ ವಾರ ಮೇಜಿನ ಮೇಲಿನ ಗಾಜಿನ ಲೋಟ ಕೈ ತಾಗಿ ಬಿತ್ತು. ಆ ಹುಡುಗಿ ಚೂರು ಗುಡಿಸಿದಳು, ಮಾರನೆಯ ದಿನ ಸ್ಟೀಲ್ ಲೋಟದಲ್ಲಿ ಟೀ ಬಂತು. ಧಕ್ಕೆಯ ಮೇಲೆ ಹೋಗುವಾಗ ಎಲ್ಲಿಂದಲೋ ಒಬ್ಬ ಸೈಕಲ್ಲಿನವನು ನುಗ್ಗಿ ಬಂದ. ತಪ್ಪಿಸಿಕೊಳ್ಳಲು ಹೋಗಿ ಅಳೆಯುವ ಚಕ್ರ ನೀರು ಪಾಲಾಯಿತು. "ಬೆಲ್ ಹೊಡ್ದೆ ಅಜ್ಜಾ, ನನ್ನೇ ನೋಡ್ಕೊಂಡು ಬಂದ್ರಲ್ಲ" ಅಂದ. ಈಗಿನವರಿಗೆ ಸುಳ್ಳು ಹೇಳುವುದು ಅಷ್ಟು ಸಲೀಸು. ಚಕ್ರ ಹೋದದ್ದನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಧಕ್ಕೆಯ ಕಡೆ ಹೋಗಬೇಡಿ ಅನ್ನುತ್ತಾರೆ. ಆಮೇಲೆ ಲೈಬ್ರರಿಗೂ ಹೋಗಬೇಡಿ ಅನ್ನುತ್ತಾರೆ. ಆಮೇಲೆ ನಾನು ಸೋಫಾದ ಮೇಲೆ ಕೂತು ಟೀ ಕುಡಿದೆ ಅಂತ ಎರಡು ಸಲ ಹೇಳುವುದಷ್ಟೇ ಬಾಕಿ.

ನಿನ್ನ ಕಾಗದ ಬಂದಾಗ ಯಾರೋ ನನ್ನ ಕೆಲಸ ನೋಡುತ್ತಿದ್ದಾರೆ ಅಂತ ಖುಷಿಯಾಗಿತ್ತು. ತಪಾಸಣೆಗೆ ನೋಡುತ್ತಿದ್ದೀ ಅಂತ ಗೊತ್ತಿರಲಿಲ್ಲ. ತಪ್ಪು ಹುಡುಕುವುದಕ್ಕೇ ಆದರೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ.

ಟಿ-ಸ್ಕ್ವೇರ್

*

ಏಪ್ರಿಲ್ ೨೪

ಮಾವ,

ಒಂದು ತಿಂಗಳಿನಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ನೀವು ಇಟ್ಟ ಹೆಸರನ್ನು ಸಾರ್ಥಕ ಮಾಡುವಷ್ಟು ಸಲ ಅಳಿಸಿದ್ದೇನೆ.

ಆ ಸೂಚನೆಗಳ ಪ್ರತಿಯನ್ನು ಕಳಿಸಬಾರದಿತ್ತು. ಕಳಿಸುವಾಗ ಅದು ಅವಮಾನವಾಗಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಾಗಲೇ ನನ್ನ ಮಾತು ಆಫೀಸಿನ ಸುತ್ತೋಲೆಯ ಹಾಗಾಗುತ್ತದೆ. ನಿಮ್ಮ ಮಗನೂ ಇದನ್ನೇ ಹೇಳುತ್ತಿದ್ದರು. ಅವರು ಹೇಳಿದಾಗ ಒಪ್ಪಿರಲಿಲ್ಲ.

ನಾನು ನೋಡುವುದು ತಪಾಸಣೆಗಲ್ಲ. ನನ್ನ ಮನೆಯನ್ನು ನೀವು ನೋಡಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಎದುರಿನ ಕಟ್ಟಡದ ಹಿಂಗೋಡೆಗೆ ತೆರೆಯುವ ಕಿಟಕಿ. ಆ ಗೋಡೆಯ ಕೊಳವೆಗಳಲ್ಲಿ ನೀರು ಇಳಿಯುವ ಸದ್ದಿನಿಂದ ಯಾವ ಮಹಡಿಯವರು ಎದ್ದರು ಎಂದು ಹೇಳಬಲ್ಲೆ. ಆಫೀಸಿನಲ್ಲಿ ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಜನರ ನಡುವೆ ಕೂರುತ್ತೇನೆ. ಅವರೆಲ್ಲ ಮಾತಾಡುತ್ತಿರುತ್ತಾರೆ, ನನ್ನ ಜೊತೆ ಅಲ್ಲ. ಶನಿವಾರ ಸಂಜೆ ಹೊರಟರೆ ಸೋಮವಾರ ಬೆಳಗಿನ ತನಕ ನನ್ನ ದನಿ ನನಗೇ ಕೇಳುವುದಿಲ್ಲ. ಅದರ ನಡುವಿನ ಭಾನುವಾರ ಮಧ್ಯಾಹ್ನ ಪರದೆಯ ಮೇಲೆ ಒಂದು ಶೆಡ್ಡು ಹಸಿರಾದರೆ, ಯಾರೋ ಬಾಗಿಲು ತಟ್ಟಿ "ಇದ್ದೀಯೇನೇ" ಎಂದು ಕೇಳಿದ ಹಾಗೆ. ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು.

ಇದರ ಜೊತೆ ಒಂದು ದೊಡ್ಡ ಹಾಳೆಯನ್ನು ಸುತ್ತಿ ಕಳಿಸುತ್ತಿದ್ದೇನೆ. ನೀವು ಕಳೆದ ಎರಡು ವರ್ಷದಲ್ಲಿ ಎಳೆದ ಕಟ್ಟಡಗಳೆಲ್ಲ ಅದರಲ್ಲಿವೆ. ನವೆಂಬರ್ ತನಕದ್ದು ಕಪ್ಪು, ಆಮೇಲಿನದ್ದು ಕೆಂಪು. ಕೂಡದಿರುವ ಮೂಲೆಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಇದರಲ್ಲಿ ಯಾವ ಸೂಚನೆಯೂ ಇಲ್ಲ. ಸುಮ್ಮನೆ ನೋಡಿ. ಕಾರಣ ಏನೆಂದು ನನಗೂ ಗೊತ್ತಾಗುತ್ತಿಲ್ಲ.

ಅಂದ ಹಾಗೆ, ಈಚೆಗೆ ಕನ್ನಡಕ ಬದಲಾಯಿಸಿದಿರಾ?

ಸೊಸೆ

*

ಮೇ ೬

ಮಗಳೇ,

ಈ ಕಾಗದವನ್ನು ಅಡ್ಡ ತಿರುಗಿಸಿಟ್ಟು ಮೇಲಿನಿಂದ ಕೆಳಕ್ಕೆ ಬರೆಯುತ್ತಿದ್ದೇನೆ. ಹಾಗೆ ಬರೆದರೆ ಸಾಲು ಕಳೆದುಹೋಗುವುದಿಲ್ಲ. ಎರಡು ತಿಂಗಳಿನಿಂದ ಪೇಪರನ್ನೂ ಹೀಗೇ ಓದುತ್ತೇನೆ. ಬೆನ್ನಿಗೆ ಹಿತ ಅಂತ ಮನೆಯಲ್ಲಿ ಹೇಳಿದ್ದೆ.

ನಿನ್ನ ಹಾಳೆಯನ್ನು ಲೈಬ್ರರಿಯ ದೊಡ್ಡ ಮೇಜಿನ ಮೇಲೆ ಹರಡಿದೆ. ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಕಪ್ಪೂ ಮುಚ್ಚಿತ್ತು, ಕೆಂಪೂ ಮುಚ್ಚಿತ್ತು. ನೋಡಮ್ಮ, ಸುಮ್ಮನೆ ತಪ್ಪು ಹೊರಿಸುತ್ತಾಳೆ ಅಂತ ಲೈಬ್ರರಿಯಮ್ಮನನ್ನು ಕರೆದು ತೋರಿಸಿದೆ. ಅವಳು ಎದುರಿಗೆ ನಿಂತು ಬಗ್ಗಿ ನೋಡಿದಳು. "ಇಲ್ಲಿ ಬಿಟ್ಟುಹೋಗಿದೆಯಲ್ಲ ಸಾರ್. ಇಲ್ಲೂ. ಇಲ್ನೋಡಿ, ಇಲ್ಲೂ" ಅಂದಳು. ಅವಳ ಬೆರಳು ಎಲ್ಲಿ ಹೋಗುತ್ತಿದೆ ಅಂತ ನನಗೆ ಗೊತ್ತಾಗಲಿಲ್ಲ. ಎದ್ದು ಅವಳ ಕಡೆಗೆ ಹೋಗಿ ನಿಂತು ನೋಡಿದೆ.

ತಲೆಕೆಳಗಾದ ಊರು. ಪ್ರತಿಯೊಂದು ಸಣ್ಣ ಕೆಂಪು ಕಟ್ಟಡಕ್ಕೂ ಬಲಗಡೆ ಮೂಲೆಯಲ್ಲಿ ಸಂದು. ಸಂದು ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಕ್ರೇನ್ ಮನೆಗೆ ಪಶ್ಚಿಮಕ್ಕೆ ಮೆಟ್ಟಿಲಿದೆ, ನಾನು ಎಳೆದಿಲ್ಲ. ಮಂಜುಗಡ್ಡೆ ಕಟ್ಟಡದ ಪಡಸಾಲೆ ಎಳೆದಿಲ್ಲ. ಗೋದಾಮು ಸಾಲಿನ ಆ ಬದಿಯ ಇಡೀ ಶೆಡ್ಡುಗಳೇ ಇಲ್ಲ. ಮತ್ತೆ ನನ್ನ ಜಾಗಕ್ಕೆ ಬಂದು ನೋಡಿದರೆ ಎಲ್ಲ ಸರಿಯಾಗಿದೆ. ಆ ಕಡೆ ಹೋದೆ, ಈ ಕಡೆ ಬಂದೆ. ಲೈಬ್ರರಿಯಮ್ಮ ಕುರ್ಚಿ ತಂದು ಕೂರಿಸಿದಳು.

ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ಒಂದು ಕಣ್ಣು ಮುಚ್ಚಿದರೂ ಅಷ್ಟೇ, ಇನ್ನೊಂದು ಮುಚ್ಚಿದರೂ ಅಷ್ಟೇ, ಎಡಬದಿ ಕಾಣುವುದಿಲ್ಲ. ಎಡಗಡೆ ಕತ್ತಲೆ ಇದೆ ಅಂತ ಅಂದುಕೊಳ್ಳಬೇಡ. ಕತ್ತಲೆಯಾದರೆ ಗೊತ್ತಾಗುತ್ತಿತ್ತು. ಅಲ್ಲಿ ಏನೂ ಇಲ್ಲ, ಇಲ್ಲ ಅನ್ನುವುದೂ ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ತಲೆ ಸಿಡಿದು ಹೋಗುವಷ್ಟು ನೋವು ಬಂದು, ಮಧ್ಯಾಹ್ನದ ತನಕ ಮಲಗಿದ್ದೆ. ಯಾರಿಗೂ ಹೇಳಲಿಲ್ಲ. ಲೆಕ್ಕ ಹಾಕಿದರೆ ಅಲ್ಲಿಂದ ಶುರು.

ಕನ್ನಡಕದ ವಿಷಯ ನೀನು ಸುಮ್ಮನೆ ಕೇಳಿದ್ದಲ್ಲ ಅಂತ ಈಗ ತಿಳಿಯಿತು.

ಎರಡು ಮಾತು ನಡೆಸಿಕೊಡು. ಆ ಮೂಲೆಗಳನ್ನು ನೀನೇ ಕೂಡಿಸಿಬಿಡು. ನಿನ್ನ ಯಂತ್ರಕ್ಕೆ ಹೇಳಿದರೆ ಒಂದು ಕ್ಷಣದ ಕೆಲಸ ತಾನೇ? ಇನ್ನು ಮುಂದೆಯೂ ನಾನು ಎಳೆಯುತ್ತೇನೆ, ನೀನು ಹಿಂದಿನಿಂದ ಕೂಡಿಸುತ್ತ ಬಾ. ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು, ನನ್ನ ಮಗನಿಗೆ ಹೇಳಬೇಡ. ಅವನು ಕೆಟ್ಟವನಲ್ಲ, ಒಳ್ಳೆಯವನು, ಅದೇ ತೊಂದರೆ. ತಿಳಿದರೆ ಬಾಗಿಲು ದಾಟಲು ಬಿಡುವುದಿಲ್ಲ. ಲೈಬ್ರರಿಗೆ ಬಾರದಿದ್ದರೆ ನಿನ್ನ ಕಾಗದ ನನಗೆ ಯಾರು ಕೊಡುತ್ತಾರೆ? ಆ ಮನೆಯೊಳಗೆ ನಿನ್ನ ಹೆಸರಿನ ಕವರ್ ಬಂದರೆ ಹೇಗಿರುತ್ತದೆ, ನಿನಗೇ ಗೊತ್ತು.

ಧಕ್ಕೆಯ ಮೇಲೆ ಇನ್ನು ಎರಡೇ ಕಟ್ಟಡ ಬಾಕಿ. ಗೋಡೆ ಹಿಡಿದುಕೊಂಡು ನಡೆಯುತ್ತೇನೆ.

ಮಾವ

*

ಮೇ ೧೧

ಮಾವ,

ನಿಮ್ಮ ಪತ್ರ ಶನಿವಾರ ಬಂತು. ನಿನ್ನೆ ಭಾನುವಾರ ನೀವು ಹೇಳಿದ ಹಾಗೆ ಮಾಡಿದೆ.

ನಿಜಕ್ಕೂ ಒಂದು ಕ್ಷಣದ ಕೆಲಸ. ತುದಿಗಳು ಇಷ್ಟು ಹತ್ತಿರವಿದ್ದರೆ ಕೂಡಿಸಿ ಆಕೃತಿಯನ್ನು ಮುಚ್ಚು ಎಂದು ಎರಡು ಸಾಲು ಬರೆದರೆ ಸಾಕು. ಜನವರಿಯಿಂದ ಬಾರದಿದ್ದದ್ದೆಲ್ಲ ಒಟ್ಟಿಗೆ ಬಂತು. ಬಂದರಿಡೀ ಹಸಿರಾಯಿತು. ಅಷ್ಟು ಹಸಿರನ್ನು ನಾನು ಈ ನಾಲ್ಕು ವರ್ಷದಲ್ಲಿ ಒಂದೇ ದಿನ ನೋಡಿರಲಿಲ್ಲ. ಕುರ್ಚಿಯಲ್ಲಿ ಹಿಂದಕ್ಕೊರಗಿ ಬಹಳ ಹೊತ್ತು ನೋಡುತ್ತ ಕೂತೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೀಗೇ ಇರಲಿ, ವಾರ ವಾರ ಕೂಡಿಸುತ್ತ ಹೋಗೋಣ, ಮಾವ ಎಳೆಯುತ್ತಿರಲಿ, ಪತ್ರ ಬರುತ್ತಿರಲಿ, ಇದರಿಂದ ಯಾರಿಗೆ ನಷ್ಟ ಎಂದು ನನಗೆ ನಾನೇ ಕೇಳಿಕೊಂಡೆ. ಆಮೇಲೆ ಆ ಎರಡು ಸಾಲನ್ನು ಅಳಿಸಿ ಎಲ್ಲವನ್ನೂ ಇದ್ದ ಹಾಗೆ ಬಿಟ್ಟೆ. ನಾನು ಮುಚ್ಚಿದರೆ ನಿಮ್ಮ ಗೆರೆ ಎಲ್ಲಿ ನಿಂತಿತು ಎನ್ನುವುದು ನನಗೂ ಕಾಣದೆ ಹೋಗುತ್ತದೆ. ಮುಂದೆ ಅದು ಇನ್ನೂ ಬೇಗ ನಿಲ್ಲತೊಡಗಿದರೆ ತಿಳಿಯುವುದು ಹೇಗೆ?

ಏಪ್ರಿಲ್ ಪತ್ರದಲ್ಲಿ ಕಾರಣ ಗೊತ್ತಾಗುತ್ತಿಲ್ಲ ಎಂದು ಬರೆದಿದ್ದೆ. ಅದು ಪೂರ್ತಿ ನಿಜವಲ್ಲ. ಬಾಗಿಲ ಚೌಕಟ್ಟು, ಲೋಟ, ಸೈಕಲ್ಲು, ಎಡಬದಿಯ ಎಚ್ಚರಿಕೆ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದಾಗ ಅನುಮಾನ ಬಂದಿತ್ತು. ಆದರೆ ನಾನು ಡಾಕ್ಟರಲ್ಲ, ಈಗ ಸೊಸೆಯೂ ಅಲ್ಲ, ದೂರದಲ್ಲಿ ಕೂತು ಯಾರದೋ ಕಣ್ಣಿನ ಬಗ್ಗೆ ತೀರ್ಪು ಕೊಡಲು ನಾನ್ಯಾರು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಇವತ್ತು ಬೆಳಿಗ್ಗೆ ನಮ್ಮ ಕೊಠಡಿಯ ಸಿಸ್ಟರ್‌ಗೆ ಹೇಳಿದೆ. ಅವರು ಇಲ್ಲಿಗೆ ಬರುವ ಮೊದಲು ಎಷ್ಟೋ ವರ್ಷ ಆಂಬುಲೆನ್ಸ್‌ನಲ್ಲೇ ನರ್ಸ್ ಆಗಿದ್ದವರು. ತಿಂಡಿ ಡಬ್ಬಿ ಬಿಚ್ಚುತ್ತಿದ್ದವರು ಮುಚ್ಚಳ ಹಿಡಿದ ಹಾಗೆಯೇ ಕೇಳಿದರು.

"ಎರಡು ಕಣ್ಣಲ್ಲೂ ಒಂದೇ ಕಡೆ ಕಾಣಲ್ವಂತಾ?"

"ಹೌದು. ಎಡಗಡೆ."

"ಹಾಗಾದ್ರೆ ಅದು ಕಣ್ಣಿಂದಲ್ಲ ಕಣೇ, ತಲೆಯದು. ಡಿಸೆಂಬರಲ್ಲಿ ಒಳಗೆ ಏನೋ ಆಗಿದೆ. ಇಷ್ಟು ದಿನ ಏನ್ ಮಾಡ್ತಿದ್ರು?"

"ನಕ್ಷೆ ಎಳೀತಿದ್ರು."

"ನಕ್ಷೆ ಎಳೀತಿದ್ರಂತೆ. ಯಾರೇ ಅವ್ರು ನಿಂಗೆ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ.

"ಯಾರಾದ್ರೂ ಆಗಿರ್ಲಿ. ಒಂದ್ಸಲ ಬಂದಿದ್ದು ಇನ್ನೊಂದ್ಸಲ ಬರಲ್ಲ ಅಂತ ಯಾರು ಬರ್ಕೊಟ್ಟಿದಾರೆ? ಎರಡನೇ ಸಲ ಬರದ ಹಾಗೆ ಮಾಡೋಕೆ ಮಾತ್ರೆ ಇದೆ. ಅದಕ್ಕೆ ಮೊದಲು ತಲೆ ಸ್ಕ್ಯಾನ್ ಮಾಡಿಸ್ಬೇಕು, ಬಿಪಿ ನೋಡ್ಬೇಕು. ನೀನು ಇಲ್ಲಿ ಕೂತು ಯೋಚ್ನೆ ಮಾಡೋದ್ರಿಂದ ಅವ್ರ ಬಿಪಿ ಇಳಿಯಲ್ಲ. ಜೊತೇಲಿ ಯಾರಿದಾರೆ?"

"ಮಗ ಇದಾರೆ."

"ಗೊತ್ತಾ ಅವ್ರಿಗೆ?"

ಇಲ್ಲ ಅಂದೆ. ಅವರು ಡಬ್ಬಿ ಮುಚ್ಚಿ ನನ್ನ ಮುಖವನ್ನೇ ನೋಡಿದರು. ಇಲ್ಲಿಗೆ ಫೋನ್ ಮಾಡಿ, ತಂದೆ ಬಿದ್ದಿದ್ದಾರೆ ಎಂದು ಅಳುವ ಮಕ್ಕಳ ದನಿಯನ್ನು ಅವರು ದಿನವೂ ಕೇಳುತ್ತಾರೆ.

ಮಾವ, ನಿಮ್ಮ ಮಗನಿಗೆ ಪತ್ರ ಬರೆದಿದ್ದೇನೆ. ಬೇರೆಯಾದ ಮೇಲೆ ಅವರಿಗೆ ಬರೆಯುತ್ತಿರುವುದು ಇದೇ ಮೊದಲು. ಅದರಲ್ಲಿ ಹಳೆಯ ಮಾತು ಒಂದೂ ಇಲ್ಲ. ಡಿಸೆಂಬರಿನ ತಲೆನೋವು, ಎಡಬದಿ ಕಾಣದಿರುವುದು, ಚಕ್ರ ನೀರಿಗೆ ಬಿದ್ದದ್ದು, ಸಿಸ್ಟರ್ ಹೇಳಿದ್ದು, ಇಷ್ಟೇ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ಅವರನ್ನು ಮನೆಯಲ್ಲಿ ಕೂರಿಸಬೇಡಿ, ಜೊತೆಗೆ ಯಾರಾದರೂ ಎಡಬದಿಯಲ್ಲಿ ನಡೆಯಿರಿ. ಅವರು ಅದನ್ನು ಕೇಳುತ್ತಾರೋ ಇಲ್ಲವೋ ನಾನು ಹೇಳಲಾರೆ. ನನ್ನ ಮಾತು ಕೇಳುವ ಅಭ್ಯಾಸ ಅವರಿಗೆ ಮೊದಲೂ ಇರಲಿಲ್ಲ, ಅವರ ಮಾತು ಕೇಳುವುದು ನನಗೂ.

ಇದರಿಂದ ಏನು ಹೋಗುತ್ತದೆ ಎಂದು ನನಗೆ ಗೊತ್ತು. ನೀವು ಲೈಬ್ರರಿಗೆ ಬಾರದಿರಬಹುದು. ಬಂದರೂ ನನಗೆ ಬರೆಯದಿರಬಹುದು. ಬರೆಯಬೇಡ ಎಂದು ನೀವೇ ಹೇಳಬಹುದು, ಆ ಹಕ್ಕು ನಿಮಗಿದೆ. ನಾನು ಭಾನುವಾರ ಮಧ್ಯಾಹ್ನ ಮೊದಲಿನಂತೆಯೇ ಇಳಿಸಿಕೊಳ್ಳುತ್ತೇನೆ. ಏನೂ ಬಾರದಿ‌ದ್ದರೆ, ಬರಲಿಲ್ಲ ಎಂದು ತಿಳಿದುಕೊಳ್ಳುತ್ತೇನೆ. ಕೂಡದ ಮೂಲೆಗಳನ್ನು ಯಾರೂ ಮುಟ್ಟದ ಹಾಗೆ ಬಿಟ್ಟಿರುತ್ತೇನೆ. ಅವುಗಳನ್ನು ಕೂಡಿಸಬೇಕಾದವರು ನೀವು, ಹಾಳೆಯನ್ನು ಹೇಗೆ ಬೇಕಾದರೂ ತಿರುಗಿಸಿಕೊಂಡು.

ಈ ಪತ್ರ ಇವತ್ತೇ ತುರ್ತು ಅಂಚೆಯಲ್ಲಿ ಹೊರಡುತ್ತದೆ. ಬುಧವಾರ ಬೆಳಿಗ್ಗೆ ಲೈಬ್ರರಿಯಮ್ಮ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರುತ್ತದೆ ಎಂದು ಅಂಚೆ ಕಚೇರಿಯವರು ಹೇಳಿದ್ದಾರೆ. ನಿಮಗೆ ಕೊಡುವುದು ಬಿಟ್ಟು ಬೇರೆ ಯಾವ ಕೆಲಸವನ್ನೂ ಮೊದಲು ಮಾಡಬೇಡಿ ಎಂದು ಲೈಬ್ರರಿಯಮ್ಮನಿಗೆ ಫೋನ್ ಮಾಡಿ ಹೇಳಿದ್ದೇನೆ. ಕಾರಣ ಹೇಳಿಲ್ಲ, ಅವರು ಕೇಳಲೂ ಇಲ್ಲ. ಇದನ್ನು ಓದಿದ ಮೇಲೆ ಧಕ್ಕೆಗೆ ಹೋಗಬೇಡಿ. ಆ ಎರಡು ಕಟ್ಟಡಗಳು ಎಲ್ಲಿಗೂ ಓಡಿಹೋಗುವುದಿಲ್ಲ. ನೇರ ಮನೆಗೆ ಹೋಗಿ. ಸಂಜೆ ನಿಮ್ಮ ಮಗ ಬಂದು ಟೀ ಕುಡಿದಿರಾ ಎಂದು ಕೇಳಿದಾಗ ಅವರನ್ನು ಕೂರಿಸಿಕೊಂಡು ನೀವೇ ಹೇಳಿ. ನನ್ನ ಅಕ್ಷರದಲ್ಲಿ ಓದುವುದಕ್ಕಿಂತ ನಿಮ್ಮ ಬಾಯಿಂದ ಕೇಳಿದರೆ ಅವರಿಗೆ ಮೇಲು. ನಿಮಗೂ. ಹೇಳಿದಿರೋ ಇಲ್ಲವೋ ಎಂದು ನಾನು ಕಾಯುವುದಿಲ್ಲ, ಕೇಳುವುದೂ ಇಲ್ಲ. ನನ್ನ ಪತ್ರ ಹೇಗಿದ್ದರೂ ವಾರ ಮುಗಿಯುವುದರೊಳಗೆ ಅವರ ಕೈ ಸೇರುತ್ತದೆ.

ಅವರ ಹೆಸರಿನ ಕವರಿಗೆ ಅಂಚೆಚೀಟಿ ಹಚ್ಚಿ ಇಟ್ಟಿದ್ದೇನೆ. ಅದನ್ನು ಡಬ್ಬಕ್ಕೆ ಹಾಕುವುದು ಬುಧವಾರ, ಮೇ ೧೩.